ರೆಹಾನಾಳ ಕುತ್ತಿಗೆ

ಕುತ್ತಿಗೆ ನೋವು ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೊದಲು ಬರುವುದು ಅಂಜಿಕೆ. ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಬೆಟಗೇರಿಯ ನಮ್ಮ ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು, "ಯಾಕೋ ಕುತ್ತಿಗಿ ಹಿಡಕೊಂಡೈತ್ರಿ ಅಕ್ಕಾರ" ಅಂದರೆ ಸಾಕು, ನನ್ನ ಕಣ್ಣು ಅವರ ಕೈಗಳ ಮೇಲೆ ಹೋಗುತ್ತದೆ, ಆಮೇಲೆ ಕಾಲುಗಳ ಮೇಲೆ. ಹಿಡಿದ ಚಹದ ಬಸಿ ಅಲುಗುತ್ತಿದೆಯೇ, ಎದ್ದು ಹೋಗುವಾಗ ಗೋಡೆ ಹಿಡಿಯುತ್ತಾರೆಯೇ ಅಂತ ನೋಡುತ್ತೇನೆ. ಬಹಳ ಸಲ ಏನೂ ಇರುವುದಿಲ್ಲ. ಹಾಗೆ ಏನೂ ಇಲ್ಲದಿದ್ದಾಗ ಆಗುವ ಸಮಾಧಾನ ನನ್ನ ಕೆಲಸ ನನಗೆ ಕೊಟ್ಟ ಪಿಂಚಣಿ ಅಂತ ತಿಳಿದಿದ್ದೇನೆ.

ಫಿಜಿಯೋಥೆರಪಿ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಬಂದಿದ್ದಳು. "ಮೇಡಂ, ಈಗೆಲ್ಲಾ ಕಂಪ್ಯೂಟರ್ ಮುಂದ ಕುಂಡ್ರೋ ಮಂದೀನ ಬರ್ತಾರ. ಕುತ್ತಿಗಿ, ಭುಜ. ನಾಲ್ಕು ವ್ಯಾಯಾಮ ಹೇಳಿ ಕಳಿಸಿದ್ರ ಆತು. ನಿಮ್ಮ ಕಾಲದಾಗಿನಷ್ಟು ತ್ರಾಸಿಲ್ಲ ಬಿಡ್ರಿ" ಅಂದಳು. ಅವಳಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗದಗಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಕೋಣೆಗೆ ಬರುತ್ತಿದ್ದವರೇ ಬೇರೆ. ಲಕ್ವ ಹೊಡೆದವರು, ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡವರು, ಮಗ್ಗದ ಮೇಲೆ ದುಡಿದು ಭುಜ ಗಟ್ಟಿಯಾದ ಬೆಟಗೇರಿಯ ನೇಕಾರರು. ಯಾರ ಮೈ ಎಲ್ಲಿ ಸವೆದಿದೆ ಅನ್ನುವುದು ಅವರ ಕಸುಬು ಕೇಳಿದರೆ ಗೊತ್ತಾಗುತ್ತಿತ್ತು. ಆಮೇಲೆ ಕಚೇರಿಗಳಿಗೆ ಕಂಪ್ಯೂಟರ್ ಬಂದವು. ಮೊದಲು ಬ್ಯಾಂಕು, ನಂತರ ನಾಡಕಚೇರಿ, ಪಂಚಾಯಿತಿ, ಬಸ್‌ಸ್ಟ್ಯಾಂಡ್ ಪಕ್ಕದ ಝೆರಾಕ್ಸ್ ಅಂಗಡಿ. ನಮ್ಮ ಕೋಣೆಯ ಮುಂದಿನ ಬಾಕಿನ ಮೇಲೆ ಒಂದೇ ಆಕಾರದ ಜನ ಸಾಲಾಗಿ ಕೂಡತೊಡಗಿದರು. ತಲೆ ಮುಂದೆ, ಭುಜ ಒಳಗೆ, ಬೆನ್ನಿನ ಮೇಲ್ಭಾಗ ಗೂನು. ನನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸ್ ಒಬ್ಬಳು, "ಮಾಗಡಿ ಕೆರಿ ಹಕ್ಕಿ ಬಂದಾವ ನೋಡ್ರಿ" ಅಂತ, ಚಳಿಗಾಲಕ್ಕೆ ಶಿರಹಟ್ಟಿ ಕಡೆಯ ಆ ಕೆರೆಗೆ ಬರುವ ಉದ್ದ ಕತ್ತಿನ ಹಕ್ಕಿಗಳನ್ನು ನೆನೆದು, ಮೆಲ್ಲಗೆ ಹೇಳಿ ನಗುತ್ತಿದ್ದಳು.

ಆಗ ನಮಗೆ ಗೊತ್ತಿದ್ದದ್ದು ಕಾವು ಕೊಡುವುದು, ಕೊರಳಿಗೆ ಪಟ್ಟಿ ಹಾಕುವುದು, ತೂಕ ಕಟ್ಟಿ ಕುತ್ತಿಗೆ ಎಳೆಯುವುದು. ಮಲಗಿಸಿ ಗದ್ದಕ್ಕೆ ಪಟ್ಟಿ ಸಿಕ್ಕಿಸಿ ಎಳೆದರೆ ರೋಗಿಗೂ ಏನೋ ದೊಡ್ಡ ಉಪಚಾರ ಆಯಿತು ಅನ್ನಿಸುತ್ತಿತ್ತು. ವ್ಯಾಯಾಮ ಅಂದರೆ ಮುಖ ಸಪ್ಪಗೆ ಮಾಡುತ್ತಿದ್ದರು. "ಇಷ್ಟಕ್ಕ ಗದಗಿಗೆ ಬರಬೇಕಿತ್ತೇನ್ರಿ" ಅಂತ ಒಬ್ಬ ಎದುರಿಗೇ ಕೇಳಿದ್ದ. ವರ್ಷಗಳು ಹೋದ ಹಾಗೆ ಕ್ರಮ ಬದಲಾಯಿತು. ಪಟ್ಟಿ ಕಡಿಮೆಯಾಯಿತು, ಎಳೆಯುವುದು ಕಡಿಮೆಯಾಯಿತು, ಸೋತ ಸ್ನಾಯುಗಳಿಗೆ ಬಲ ತರುವ ಕೆಲಸವೇ ಮುಖ್ಯವಾಯಿತು. ಸಿಪಾಯಿಯ ಹಾಗೆ ನೆಟ್ಟಗೆ ಕೂಡಿರಿ ಅಂತ ಬೈಯುವುದನ್ನೂ ನಾವು ಬಿಟ್ಟೆವು. ನೆಟ್ಟಗೆ ಕೂತರೂ ತಾಸುಗಟ್ಟಲೆ ಹಾಗೇ ಕೂತರೆ ನೋಯುತ್ತದೆ. ಮತ್ತೆ ಮತ್ತೆ ಎದ್ದು ಮೈ ಅಲುಗಿಸಬೇಕು, ಅಷ್ಟೇ.

ಮುಂಡರಗಿಯ ಕಚೇರಿಯೊಂದರ ಗುಮಾಸ್ತರೊಬ್ಬರು ವ್ಯಾಯಾಮವನ್ನು ಅತಿಯಾಗಿ ಹಚ್ಚಿಕೊಂಡರು. ಗದ್ದ ಒಳಗೆ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟಿದ್ದೆ. ದಿನಕ್ಕೆ ಆಗಾಗ, ಹಗುರವಾಗಿ ಮಾಡಿ ಅಂದಿದ್ದೆ. ಅವರು ಊಟಕ್ಕೆ ಕೂತಾಗ, ಟಿವಿ ನೋಡುವಾಗ, ಬಸ್ಸಿನಲ್ಲಿ, ಕಂಡಕ್ಟರ್ ಟಿಕೆಟ್ ಕೇಳಿದಾಗಲೂ ಗದ್ದ ಎಳೆಯುತ್ತಿದ್ದರಂತೆ. ಒಂದು ದಿನ ಅವರ ಹೆಂಡತಿಯೇ ಸಿಟ್ಟಿನಿಂದ ಬಂದರು. "ಬೀಗರ ಮುಂದೂ ಹಂಗ ಮಾರಿ ಮಾಡ್ತಾರ್ರಿ. ನಾವು ಬಂದದ್ದು ಸೇರಿಲ್ಲೇನೋ ಅಂತ ಅವ್ರು ಎದ್ದು ಹೋದ್ರು." ಗುಮಾಸ್ತರಿಗೆ ಕುತ್ತಿಗೆ ನೋವಿನ ಜೊತೆ ತಲೆನೋವೂ ಸೇರಿತ್ತು. ವ್ಯಾಯಾಮವೂ ಔಷಧದ ಹಾಗೆಯೇ, ಹೆಚ್ಚು ಕುಡಿದರೆ ಬಾಧಿಸುತ್ತದೆ ಅನ್ನುವುದನ್ನು ನಾನು ಅವರಿಂದ ಕಲಿತೆ. ಮುಂದೆ ಯಾರಿಗೆ ಹೇಳಿಕೊಟ್ಟರೂ ಎದುರಿಗೆ ಮಾಡಿಸಿ ನೋಡದೆ ಕಳಿಸಲಿಲ್ಲ.

ಇಂಥವು ನಕ್ಕು ಮರೆಯುವ ಪ್ರಸಂಗಗಳು. ರೆಹಾನಾಳದು ಹಾಗಲ್ಲ.

ಗದಗಿನ ಕೆಲಸದ ಜೊತೆಗೆ ವಾರದಲ್ಲಿ ಒಂದೊಂದು ದಿನ ನಾನು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದೆ. ಲಕ್ಷ್ಮೇಶ್ವರದಲ್ಲಿ ರೆಹಾನಾ ಮತ್ತು ಅವಳ ಗಂಡ ದಾವಲ್ ಸೇರಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟಿದ್ದರು. ದಾವಲ್ ಮುದ್ರಣ ನೋಡಿಕೊಳ್ಳುತ್ತಿದ್ದ. ಕಂಪ್ಯೂಟರ್ ರೆಹಾನಾಳದು. ಕೀಲಿಗಳ ಕಡೆ ನೋಡದೆ ಕನ್ನಡ ಟೈಪ್ ಮಾಡುತ್ತಿದ್ದಳು. ಎಂಥ ಗಿಜಿಬಿಜಿ ಕೈಬರಹವನ್ನೂ ಓದುತ್ತಿದ್ದಳು. ಹಿಂದೂಗಳ ಪತ್ರಿಕೆಯಲ್ಲಿ ಸೋದರಮಾವನ ಹೆಸರು ಎಲ್ಲಿ ಬರಬೇಕು, ಆಶೀರ್ವಾದ ಯಾರದು ಮೊದಲು ಎಂಬುದೆಲ್ಲಾ ಅವಳಿಗೆ ಬಾಯಿಪಾಠ. ಮೂವತ್ತರ ಆಸುಪಾಸಿನ ವಯಸ್ಸು. ಮೊದಲ ಸಲ ಬಂದಾಗ ಬಲ ಭುಜ ಒತ್ತಿಕೊಂಡು, "ಸಂಜೀಕ ರೊಟ್ಟಿ ಬಡಿಯಾಕ ಕೈ ಎತ್ತಾಕ ಆಗವಲ್ದು ಅಕ್ಕಾರ" ಅಂದಳು.

ಪೂರಾ ನೋಡಿದೆ. ಕೈಯಲ್ಲಿ ಬಲವಿತ್ತು, ನಡಿಗೆ ಸರಿಯಿತ್ತು. ಸ್ನಾಯುಗಳು ಮಾತ್ರ ಕಲ್ಲಾಗಿದ್ದವು. ಕೆಲಸ ಮುಗಿಸಿ ಅವಳ ಅಂಗಡಿಗೇ ಹೋದೆ. ಮೇಜು ಗಿಡ್ಡ, ಪರದೆ ಅದಕ್ಕಿಂತ ಕೆಳಗೆ. ಗಿರಾಕಿ ಬರೆದುಕೊಟ್ಟ ಹಾಳೆ ಎಡಗಡೆ ಮಲಗಿತ್ತು. ಇಡೀ ದಿನ ಬಗ್ಗಿ, ಎಡಕ್ಕೆ ತಿರುಗಿ, ಮತ್ತೆ ಪರದೆ ನೋಡುತ್ತಿದ್ದಳು. ದಾವಲ್‌ನಿಂದ ಕಾಗದದ ಕಟ್ಟುಗಳನ್ನು ತರಿಸಿ ಪರದೆಯ ಕೆಳಗೆ ಇಡಿಸಿದೆ. ರಟ್ಟಿನಿಂದ ಹಾಳೆ ನಿಲ್ಲಿಸುವ ಆಸರೆ ಮಾಡಿ ಪರದೆಯ ಪಕ್ಕದಲ್ಲೇ ಇಟ್ಟೆವು. ಗೋಡೆಗೆ ಬೆನ್ನು ಹಚ್ಚಿ ತಲೆಯನ್ನು ಮೆಲ್ಲಗೆ ಹಿಂದೆ ಒತ್ತುವುದು, ಬೆನ್ನಿನ ಹಲಗೆಯ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ತರುವುದು, ಬಾಗಿಲ ಚೌಕಟ್ಟು ಹಿಡಿದು ಎದೆ ಅಗಲಿಸುವುದು, ಇಷ್ಟೇ ಕಲಿಸಿದ್ದು. ಅವಳು ಚೊಕ್ಕವಾಗಿ ಮಾಡಿದಳು. ತಿಂಗಳೊಪ್ಪತ್ತಿನಲ್ಲಿ ನೋವು ಇಳಿಯಿತು. ಅವಳ ಅತ್ತೆ ಬೀಬಮ್ಮ ಮೊಹರಮ್ಮಿಗೆ ನನಗೆ ಹಬ್ಬದ ಸಿಹಿರೊಟ್ಟಿ ಚೋಂಗೆ ಕಟ್ಟಿ ಕಳಿಸಿದಳು.

ಮುಂದಿನ ಲಗ್ನದ ಸುಗ್ಗಿಯಲ್ಲಿ ನೋವು ಮತ್ತೆ ಬಂತು. ಕೆಲಸ ಬಿಟ್ಟು ಬರಲಾಗದೆ ಅವಳು ಗುಳಿಗೆ ನುಂಗಿ ದಿನ ತಳ್ಳಿದಳು. ಕಡೆಗೆ ಗದಗಿಗೆ ಬಂದು ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರಿಗೆ ತೋರಿಸಿದಳು. ಅವರು ನನ್ನ ಮೇಲಿನ ಅಧಿಕಾರಿ. ಗಟ್ಟಿ ದನಿ, ಬಿರುಸು ನಡಿಗೆ, ಹೊರಗೆ ಯಾವಾಗಲೂ ಜಾತ್ರೆಯಷ್ಟು ಜನ. ಕುತ್ತಿಗೆ ಎಳೆಯಲು ಹೇಳಿ ನಮ್ಮ ಕೋಣೆಗೆ ಕಳಿಸಿದರು.

ರೆಹಾನಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಂದದ್ದು ಒಂದೇ ಚಪ್ಪಲಿ ಬಿಟ್ಟು. ಇನ್ನೊಂದು ಅರ್ಧ ದಾರಿಯಲ್ಲಿ, ಕಾರಿಡಾರಿನಲ್ಲೇ ಉಳಿದಿತ್ತು.

"ಚಪ್ಪಲಿ ಎಲ್ಲೈತ್ವಾ ಇನ್ನೊಂದು?" ಅಂದೆ.

ಅವಳು ಕಾಲು ನೋಡಿಕೊಂಡಳು. "ಅಯ್ಯ, ಬಿದ್ದದ್ದು ಗೊತ್ತಾಗಿಲ್ರಿ" ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ಮಲಗಿಸುವ ಮೊದಲು ಕೇಳಿದೆ. "ಟೈಪ್ ಮಾಡೋದು ಹ್ಯಾಂಗ ನಡದೈತಿ?"

"ಬಾಳ ತಪ್ಪಾಗಾಕತ್ತಾವ್ರಿ. ಬೆರಳು ಒಂದು ಕಡೆ ಹೋಗು ಅಂದ್ರ ಇನ್ನೊಂದು ಕಡೆ ಹೋಗ್ತಾವ. ಜಂಪರಿನ ಹುಕ್ಕ ಹಾಕಾಕನೂ ನಮ್ಮತ್ತೀನ ಕರೀತೀನಿ. ದಣಿವಿಗೆ ಹಂಗ ಆಗತೈತೇನ್ರಿ?"

ಅವಳ ಕೈ ಹಿಡಿದು, ಬೆರಳುಗಳನ್ನು ಸಡಿಲ ಬಿಡಿಸಿ, ನಡುಬೆರಳಿನ ತುದಿಯನ್ನು ಚಿಟಿಕೆ ಹೊಡೆದ ಹಾಗೆ ಚಿಮ್ಮಿದೆ. ಸರಿಯಾದ ನರವಾದರೆ ಏನೂ ಆಗಬಾರದು. ಅವಳ ಹೆಬ್ಬೆರಳು ತಾನಾಗಿ ಒಳಗೆ ಜಿಗಿಯಿತು. ಇನ್ನೊಂದು ಕೈ ನೋಡಿದೆ. ಅದೂ ಜಿಗಿಯಿತು. ಇದು ಸ್ನಾಯು ಅಲ್ಲ, ಕೂತ ಭಂಗಿಯೂ ಅಲ್ಲ. ಕುತ್ತಿಗೆಯೊಳಗೆ ಬೆನ್ನುಹುರಿಯನ್ನು ಏನೋ ಒತ್ತುತ್ತಿದೆ. ಇಂಥ ಕುತ್ತಿಗೆಗೆ ತೂಕ ಕಟ್ಟಿ ಎಳೆದರೆ ಏನಾದೀತೆಂದು ನೆನೆಯಲೂ ನನಗೆ ಧೈರ್ಯ ಬರಲಿಲ್ಲ.

"ಹಂಗ ಕುಂಡ್ರವ್ವಾ. ಕುತ್ತಿಗಿ ಅಲುಗಿಸಬ್ಯಾಡ. ಈಗ ಬಂದೆ" ಅಂದು ಡಾಕ್ಟರ ಕೋಣೆಗೆ ಹೋದೆ. ಎದುರಿಗೆ ಗದ್ದಲ. ನುಗ್ಗಿಯೇ ಹೋದೆ.

"ಸರ, ಆ ಲಕ್ಷ್ಮೇಶ್ವರದ ಹೆಣ್ಣುಮಗಳಿಗೆ ನಾನು ಎಳೆಯೂದಿಲ್ರಿ."

ಅವರು ತಲೆಯೆತ್ತಿದರು. "ಯಾಕ? ಮಷಿನ್ ಕೆಟ್ಟೈತೇನು?"

"ಇಲ್ರಿ. ನೀವೊಮ್ಮೆ ಬಂದು ಕೈ ನೋಡ್ರಿ."

"ಕುತ್ತಿಗಿ ನೋವಂದವರಿಗೆಲ್ಲಾ ಎರಡೆರಡು ಸಲ ನೋಡಕೋತ ಕುಂತ್ರ ಈ ಮಂದಿ ಮನಿಗೆ ಹೋಗೂದು ಯಾವಾಗ?" ಅಂದರು. ಜನ ನನ್ನನ್ನು ನೋಡುತ್ತಿದ್ದರು. ನಾನು ಜಾಗ ಬಿಡಲಿಲ್ಲ. ಒಂದು ವೇಳೆ ನನ್ನದೇ ತಪ್ಪಾದರೆ ಇವರು ಮುಂದೆ ನನ್ನ ಮಾತು ಯಾವತ್ತೂ ಕೇಳಲಾರರು ಅಂತಲೂ ಅನ್ನಿಸಿತು. ಅವರು ಕುರ್ಚಿ ಹಿಂದೆ ತಳ್ಳಿ ಎದ್ದರು.

ಬಂದು ಅವಳ ಕೈ ನೋಡಿದರು, ಕಾಲು ನೋಡಿದರು, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತಾ ಗೆರೆಯ ಮೇಲೆ ನಡೆದಂತೆ ನಡೆಸಿದರು. ಅವಳು ಎರಡನೆಯ ಹೆಜ್ಜೆಗೇ ಓಲಾಡಿದಳು. ಆ ಗಟ್ಟಿ ದನಿ ಇಳಿಯಿತು. "ಏನೂ ಮಾಡಬ್ಯಾಡ್ರಿ. ಹುಬ್ಬಳ್ಳಿಗೆ ಕಳಿಸಿ ಎಂಆರ್‌ಐ ಮಾಡಿಸೋಣ. ಆಪರೇಷನ್ ಬೇಕಾದರೂ ಬೇಕಾದೀತು" ಅಂದರು. ಬಾಗಿಲಿನ ಹತ್ತಿರ ನಿಂತು ನನ್ನ ಕಡೆ ತಿರುಗಿ, "ಚಲೋ ಮಾಡಿದ್ರಿ" ಅಂದು ಹೋದರು.

ನನಗೆ ಹಿಗ್ಗು ಆಗಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಇದು ಯಾವಾಗಿಂದ ಒಳಗೆ ಕೂತಿತ್ತು? ನಾನು ಮೊದಲ ದಿನ ನೋಡಿದಾಗ ಇತ್ತೇ? ಇರಲಿಲ್ಲ, ನಾನೇ ಪರೀಕ್ಷೆ ಮಾಡಿದ್ದೆ. ಹಾಗೆ ಅಂದುಕೊಂಡರೂ ಮನಸ್ಸು ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಸ್ಕ್ಯಾನಿಗೆ ಸರದಿ ಸಿಕ್ಕಿದ್ದು ಕೆಲವು ದಿನ ಬಿಟ್ಟು. ಆ ನಡುವೆ ನನ್ನ ಲಕ್ಷ್ಮೇಶ್ವರದ ದಿನ ಬಂತು. ರೆಹಾನಾಳನ್ನು ನೋಡಿಕೊಂಡೇ ಆಸ್ಪತ್ರೆಗೆ ಹೋಗೋಣ ಅಂತ ಬಸ್ಸಿಳಿದವಳೇ ಅಂಗಡಿಗೆ ಹೋದೆ. ದಾವಲ್ ಒಬ್ಬನೇ ಕಂಪ್ಯೂಟರ್ ಮುಂದೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ.

"ರೆಹಾನಾ ಎಲ್ರಿ?"

ಅವನು ಕಣ್ಣು ತಪ್ಪಿಸಿದ. "ನಮ್ಮವ್ವ ಬೆಳ್ಳಟ್ಟಿಗೆ ಕರಕೊಂಡು ಹೋಗ್ಯಾಳ್ರಿ ಮೇಡಂ. ಅಲ್ಲಿ ಬಸಪ್ಪಜ್ಜ ಅಂತ ಅದಾನಲ್ರಿ, ಉಳುಕು ತಗಿಯಾಂವ. ಕುತ್ತಿಗಿ ಒಮ್ಮೆ ಲಟಕ್ ಅನಿಸಿದ್ರ ಎಲ್ಲಾ ಕೂಡತೈತಿ ಅಂತ ಓಣ್ಯಾಗ ಹೇಳಿದ್ರು. ಆಪರೇಷನ್ ಅನ್ನೂದು ಕೇಳಿದಾಗಿಂದ ನಮ್ಮವ್ವ ಊಟ ಬಿಟ್ಟಾಳ."

"ಎಷ್ಟೊತ್ತಾತು ಹೋಗಿ?"

"ಮುಂಜಾನಿ ಬಸ್ಸಿಗೆ."

"ಫೋನ್ ಹಚ್ರಿ."

ಹಚ್ಚಿದ. ರೆಹಾನಾಳ ಫೋನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆಯೇ ರಿಂಗಾಯಿತು. ಅವನ ಮುಖ ನೋಡಿದೆ. ಅವನಿಗೂ ಆಗ ಹೆದರಿಕೆ ಹತ್ತಿತು.

"ಗಾಡಿ ತಗೀರಿ, ಜಲ್ದಿ" ಅಂದೆ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಅವನು ಬೈಕ್ ಹೊರಡಿಸಿದ. ಹಿಂದೆ ಕೂತೆ. ಆ ದಾರಿ ನನಗೆ ಅಷ್ಟು ಉದ್ದ ಅನ್ನಿಸಿದ್ದು ಅದೊಂದೇ ಸಲ. ಗೋವಿನಜೋಳ ಒಣಹಾಕಿದ ಕಡೆ ಅರ್ಧ ರಸ್ತೆಯೇ ಇರಲಿಲ್ಲ. ಎದುರಿಗೆ ಬಂದ ಟ್ರ್ಯಾಕ್ಟರ್ ದಾಟಿಸಲು ನಿಂತಾಗ ದಾವಲ್ ಹಿಂದೆ ತಿರುಗದೆಯೇ ಕೇಳಿದ, "ಖರೆ ಹೇಳ್ರಿ ಮೇಡಂ, ಅಂವ ಕುತ್ತಿಗಿ ತಿರುವಿದ್ರ ಏನಾಗತೈತಿ?"

"ಆಗಬಾರದ್ದು ಆಗಬಹುದು. ಕೈಕಾಲು ಹೋಗಬಹುದು. ಹೊಡೀರಿ ಗಾಡಿ."

ಬಸಪ್ಪಜ್ಜನ ಮನೆಯ ಅಂಗಳದಲ್ಲಿ ಏಳೆಂಟು ಜನ ಕೂತಿದ್ದರು. ನಡುವೆ ಒಂದು ಗಿಡ್ಡ ಮಣೆಯ ಮೇಲೆ ರೆಹಾನಾ. ಮುದುಕ ಅವಳ ಹಿಂದೆ ನಿಂತು, ಒಂದು ಕೈ ಗದ್ದಕ್ಕೂ ಇನ್ನೊಂದು ಕೈ ತಲೆಯ ಹಿಂದಕ್ಕೂ ಹಚ್ಚಿದ್ದ. ಅವಳು ಕಣ್ಣು ಮುಚ್ಚಿದ್ದಳು.

"ಅಜ್ಜಾರ, ಕೈ ತಗೀರಿ!" ಅಂತ ಬೈಕಿನಿಂದ ಇಳಿಯುವ ಮೊದಲೇ ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮುದುಕ ಬೆಚ್ಚಿ ಕೈ ಬಿಟ್ಟ. "ಯಾರವ್ವಾ ನೀನು?"

ಹೇಳಿದೆ. ಒಳಗೆ ಹುರಿಯ ಮೇಲೆ ಒತ್ತಡ ಇರಬಹುದು, ಸ್ಕ್ಯಾನ್ ಆಗುವತನಕ ಯಾರೂ ಈ ಕುತ್ತಿಗೆ ಮುಟ್ಟಬಾರದು ಅಂತ ಹೇಳಿದೆ. ಬೀಬಮ್ಮ ಎದ್ದು ನನ್ನ ಮುಂದೆ ಬಂದು ನಿಂತಳು. ಸಿಟ್ಟಿಗಿಂತ ಹೆಚ್ಚು ಅಳು ಇತ್ತು ಅವಳ ದನಿಯಲ್ಲಿ.

"ಅಕ್ಕಾರ, ನಿಮ್ಮ ವ್ಯಾಯಾಮ ಮಾಡಿದ್ಲು. ಗದಗಿಗೆ ಬಂದ್ಲು. ಈಗ ಕುತ್ತಿಗಿ ಕೊಯ್ತೀವಿ ಅಂತೀರಿ. ನನ್ನ ಸೊಸಿ ಹಾಸಿಗಿ ಹಿಡದ್ರ ನೀವು ಬಂದು ನೋಡ್ತೀರೇನು?"

ಆಪರೇಷನ್ ಆದರೆ ಸರಿಹೋಗುತ್ತದೆ ಅಂತ ಆಣೆ ಮಾಡಲು ನನಗೆ ಬರುತ್ತಿರಲಿಲ್ಲ. ಹಾಗಾಗಿ ರೆಹಾನಾಳನ್ನು ಮೆಲ್ಲಗೆ ಎಬ್ಬಿಸಿದೆ. "ಬೀಬಮ್ಮಾರ, ನೀವು ಆ ಕಡೆ ಕೈ ಹಿಡೀರಿ, ನಾ ಈ ಕಡೆ ಹಿಡೀತೀನಿ. ರೆಹಾನಾ, ಬೆರಳಿನ ಮುಂದ ಹಿಮ್ಮಡಿ ಇಟ್ಟು ನಡಿಯವ್ವಾ, ಈ ಕಲ್ಲಿನ ಗುಂಟ."

ಅವಳು ಕಾಲಿಟ್ಟಳು. ಇನ್ನೊಂದು ಕಾಲು ಇಡಬೇಕಾದ ಜಾಗಕ್ಕೆ ಬರಲೇ ಇಲ್ಲ, ಪಕ್ಕಕ್ಕೆ ಹೋಯಿತು. ಮತ್ತೆ ಪ್ರಯತ್ನಿಸಿದಳು. ಪೂರ್ತಿ ನಮ್ಮ ಕೈ ಮೇಲೆ ಬಿದ್ದಳು. ಬೀಬಮ್ಮ ಅವಳ ಭಾರ ಹಿಡಿದುಕೊಂಡೇ ಅವಳ ಕಾಲನ್ನು ನೋಡುತ್ತಾ ನಿಂತುಬಿಟ್ಟಳು. ಮನೆಯಲ್ಲಿ ಸೊಸೆ ಗೋಡೆ ಹಿಡಿದು ನಡೆಯುತ್ತಿದ್ದುದನ್ನು ಆಕೆ ದಣಿವು ಅಂದುಕೊಂಡಿದ್ದಳಂತೆ.

"ಯಾ ಅಲ್ಲಾ" ಅಂದಳು. ಅಷ್ಟೇ.

ಬಸಪ್ಪಜ್ಜ ತನ್ನ ಕೈಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. "ಒಯ್ರಿ ತಾಯಿ, ಮದಲ ಒಯ್ರಿ. ನನ್ನ ಕಡೆಯಿಂದ ಎಂಥಾದ್ದು ಆಗತಿತ್ತು" ಅಂತ ಮತ್ತೆ ಮತ್ತೆ ಅಂದ. ಅವನನ್ನು ಬೈಯಬೇಕು ಅಂತ ನನಗೆ ಅನ್ನಿಸಲಿಲ್ಲ. ಅವತ್ತು ಅಂಗಳದಲ್ಲಿ ಕೂತಿದ್ದ ಉಳಿದವರನ್ನೂ ಅವನು ಮನೆಗೆ ಕಳಿಸಿದ ಅಂತ ಆಮೇಲೆ ತಿಳಿಯಿತು.

ಗದಗಿನ ಡಾಕ್ಟರೇ ಹುಬ್ಬಳ್ಳಿಗೆ ಫೋನ್ ಮಾಡಿ ಸ್ಕ್ಯಾನನ್ನು ಮರುದಿನಕ್ಕೇ ಗೊತ್ತು ಮಾಡಿಸಿದರು. ಕುತ್ತಿಗೆಯ ಎರಡು ಎಲುಬುಗಳ ನಡುವಿನ ಮೆತ್ತೆ ಹೊರಗೆ ಬಂದು ಹುರಿಯನ್ನು ಒತ್ತಿತ್ತು. ತಡಮಾಡದೆ ಆಪರೇಷನ್ ಅಂದರು.

ಆಪರೇಷನ್ ದಿನ ನನಗೆ ಮುಂಡರಗಿಯ ಸರದಿ. ಹೋಗದಿರಲು ಆಗಲಿಲ್ಲ. ಮೇಜಿನ ಮೇಲೆ ಫೋನಿಟ್ಟುಕೊಂಡೇ ರೋಗಿಗಳನ್ನು ನೋಡಿದೆ. ಒಬ್ಬ ಅಜ್ಜಿಯ ಮೊಣಕಾಲು ಹಿಡಿದು ಬಗ್ಗಿಸುತ್ತಾ ಅಲ್ಲೇ ನಿಂತುಬಿಟ್ಟಿದ್ದೆನಂತೆ. "ಬಿಡ ನನ್ನವ್ವ, ಕಾಲು ನಿನ್ನ ಕೈಯಾಗ ಐತಿ, ಚಿತ್ತ ಎಲ್ಲೈತಿ?" ಅಂತ ಆ ಅಜ್ಜಿ ಕೇಳಿದಳು. ಮಧ್ಯಾಹ್ನ ದಾಟಿದ ಮೇಲೆ ದಾವಲ್‌ನ ಫೋನು ಬಂತು. ಅವನು ಮಾತು ಶುರುಮಾಡುವ ಮೊದಲೇ ಹಿಂದಿನಿಂದ ಬೀಬಮ್ಮನ ದನಿ ಕೇಳಿಸಿತು. "ಕಾಲು ಆಡಸ್ತಾಳಂತ ಹೇಳೋ, ಕಾಲು ಆಡಸ್ತಾಳಂತ ಹೇಳು."

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವವರಿಗೆ ನಮ್ಮ ಕೆಲಸ ಗೊತ್ತಿಲ್ಲ. ಆಪರೇಷನ್ ಮಾಡಿದ ಡಾಕ್ಟರು ಕೆಲವು ವಾರಗಳ ನಂತರ, ಈಗ ವ್ಯಾಯಾಮ ಶುರು ಮಾಡಬಹುದು, ಕುತ್ತಿಗೆ ತಿರುಗಿಸಬಹುದು ಅಂತ ಹೇಳಿ ನನ್ನ ಹತ್ತಿರ ಕಳಿಸಿದರು. ಕಾಲಿಗೆ ಬಲ ಬರುತ್ತಿತ್ತು, ಬೆರಳುಗಳು ನಿಧಾನವಾಗಿ ಮಾತು ಕೇಳುತ್ತಿದ್ದವು. ಕುತ್ತಿಗೆ ಮಾತ್ರ ಕಂಬ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಕನ್ನಡಿಯ ಮುಂದೆ ಕೂಡಿಸಿ, "ಒಂದೀಟ, ಒಂದು ಎಳ್ಳಿನಷ್ಟು ತಿರುಗಿಸು" ಅಂದರೆ ಅವಳ ಕಣ್ಣು ಮಾತ್ರ ತಿರುಗುತ್ತಿದ್ದವು.

"ಒಳಗ ಏನರೆ ಕಳಚಿದ್ರ ಏನ್ ಮಾಡೂದ್ರಿ ಅಕ್ಕಾರ?"

"ಕಳಚೂದಿಲ್ವಾ. ಡಾಕ್ಟರ್ ಹೇಳ್ಯಾರ."

ಹೇಳುತ್ತಿದ್ದೆ, ಆದರೆ ಅವಳ ಕುತ್ತಿಗೆಯ ಮೇಲೆ ಕೈಯಿಡುವಾಗ ನನ್ನ ಬೆರಳೂ ಹಿಂಜರಿಯುತ್ತಿತ್ತು. ಅವಳಿಗೆ ಅದು ಗೊತ್ತಾಗುತ್ತಿತ್ತು. ಹೊಸಬರಿಗೆ ನಾನು ಹೇಳುವುದು ಇದನ್ನೇ. ರೋಗಿಯ ಚರ್ಮ ನಿಮ್ಮ ಮಾತಿಗಿಂತ ಮೊದಲು ನಿಮ್ಮ ಕೈಯ ಅಂಜಿಕೆ ಕೇಳುತ್ತದೆ. ಅಂಜಿಕೆ ಇರಲಿ, ಅದರಿಂದಲೇ ನೀವು ಎಚ್ಚರ ಇರುತ್ತೀರಿ. ಆದರೆ ಕೈಯಿಡುವ ಮೊದಲು ಅದನ್ನು ಎಲ್ಲಾದರೂ ಇಳಿಸಿ ಬನ್ನಿ. ನಾನು ಬೇಸಿನ್ನಿನ ಹತ್ತಿರ ಹೋಗಿ ಬಿಸಿನೀರಲ್ಲಿ ಕೈ ತೊಳೆದು, ಕೈ ಬೆಚ್ಚಗಾದ ಮೇಲೆ ಬರುತ್ತಿದ್ದೆ. ವಾರಗಟ್ಟಲೆ ಹೀಗೆ ನಡೆಯಿತು. ಕುತ್ತಿಗೆ ಮಿಸುಕಲಿಲ್ಲ. ಇನ್ನು ಹೀಗೇ ಉಳಿದರೆ ಆಪರೇಷನ್ ಬಿಡಿಸಿದ್ದನ್ನು ಹೆದರಿಕೆ ಕಟ್ಟಿಹಾಕಿತಲ್ಲ ಅಂತ ನನಗೆ ಚಿಂತೆ ಹತ್ತಿತು.

ಒಂದು ಲಕ್ಷ್ಮೇಶ್ವರದ ದಿನ ಅವಳನ್ನು ಅಂಗಡಿಯಲ್ಲೇ ನೋಡೋಣ ಅಂತ ಹೋದೆ. ಅವಳು ಬಾಗಿಲ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತು, ಗಿರಾಕಿಯ ಕೈಬರಹವನ್ನು ಒಂದೊಂದೇ ಸಾಲು ಓದಿ ಹೇಳುತ್ತಿದ್ದಳು. ಅವಳ ಬಲಭುಜದ ಹಿಂದೆ ದಾವಲ್ ಕಂಪ್ಯೂಟರಿನಲ್ಲಿ ಬೆವರುತ್ತಾ ಟೈಪ್ ಮಾಡುತ್ತಿದ್ದ. ಬೀಬಮ್ಮ ನನಗೆ ಚಹಾ ತಂದಳು. ಯಾರದೋ ಲಗ್ನ, ಕಳಸಾಪುರದವರು. ದಾವಲ್ ತಾನು ಬರೆದದ್ದನ್ನು ಗಟ್ಟಿಯಾಗಿ ಓದಿದ. "ಕಳಸಪುರದ..."

"ಕಳಸಾಪುರ!" ಅಂದಳು ರೆಹಾನಾ. ಅನ್ನುತ್ತಲೇ ತಲೆ ಸರ್ರನೆ ಬಲಕ್ಕೆ ತಿರುಗಿಸಿ ಪರದೆ ನೋಡಿದಳು. "ಸಾ, ಸಾ! ದೀರ್ಘ ಎಲ್ಲಿ ನುಂಗಿದ್ರಿ? ಊರಿನ ಮಂದಿ ಅಂಗಡಿಗೆ ಬಂದು ಜಗಳಾ ತಗೀತಾರ."

ಬೀಬಮ್ಮನ ಕೈಯ ಚಹದ ಬಸಿ ಗಾಳಿಯಲ್ಲೇ ನಿಂತಿತು. ನಾನು ಆಕೆಯ ಮೊಣಕೈ ಮುಟ್ಟಿ, ಮಾತಾಡಬೇಡಿ ಅಂತ ಕಣ್ಣಿನಲ್ಲೇ ಹೇಳಿದೆ. ನಾವಿಬ್ಬರೂ ಬೀದಿಯ ಕಡೆ ನೋಡತೊಡಗಿದೆವು. ನಮ್ಮ ಹಿಂದೆ ರೆಹಾನಾ ಮತ್ತೂ ಬೈಯುತ್ತಿದ್ದಳು. ಹಾಳೆಯ ಕಡೆಗೊಮ್ಮೆ, ಪರದೆಯ ಕಡೆಗೊಮ್ಮೆ ತಿರುಗಿ ತಿರುಗಿ.